ವಯಸ್ಸಾದಂತೆ ರಕ್ತನಾಳ ಗಟ್ಟಿಯಾಗುವುದೇಕೆ? ನಡಿಗೆ ಅದಕ್ಕೇನು ಮಾಡುತ್ತದೆ?

ನಾಡಿ ನೋಡುವಾಗ ಬೆರಳಿನ ಕೆಳಗೆ ಹತ್ತು ಸಂಗತಿಗಳನ್ನು ಗಮನಿಸಬೇಕೆಂದು ಯುನಾನಿ ಗ್ರಂಥಗಳು ಹೇಳುತ್ತವೆ. ಬಡಿತದ ವೇಗ, ಬಲ, ಲಯ ಮುಂತಾದವು ನಿಮಗೂ ಊಹೆಗೆ ಬರುವಂಥವೇ. ಹತ್ತರಲ್ಲಿ ಒಂದರ ಹೆಸರು ‘ಕಿವಾಮೆ ಆಲಾ’. ನಾಳದೊಳಗೆ ಹರಿಯುವ ರಕ್ತವನ್ನು ಬಿಟ್ಟು ನಾಳದ ಗೋಡೆಯನ್ನೇ ವಿಚಾರಿಸುವ ಪರೀಕ್ಷೆ ಅದು. ಒತ್ತಿದರೆ ಗೋಡೆ ಮೆತ್ತಗೆ ಬಾಗುತ್ತದೆಯೋ, ಇಲ್ಲಾ ಹುರಿಗೊಂಡ ಹಗ್ಗದಂತೆ ಬೆರಳಿಗೆ ಎದುರು ನಿಲ್ಲುತ್ತದೆಯೋ? ಮೆತ್ತಗಿದ್ದರೆ ‘ಲೈಯಿನ್’, ಗಟ್ಟಿಯಿದ್ದರೆ ‘ಸುಲ್ಬ್’.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬರುವ ಹಿರಿಯರ ಮಣಿಕಟ್ಟು ಹಿಡಿದಾಗ ಈ ಗಟ್ಟಿ ನಾಡಿ ನನಗೆ ಮತ್ತೆ ಮತ್ತೆ ಸಿಗುತ್ತದೆ. ಆದರೆ ಅದು ವಯಸ್ಸಿನ ಲೆಕ್ಕಕ್ಕೆ ಸರಿಯಾಗಿ ಹೊಂದುವುದಿಲ್ಲ. 70 ದಾಟಿದರೂ ದಿನಾ ಹೊಲಕ್ಕೆ ನಡೆದು ಹೋಗಿ ಬರುವವರ ನಾಡಿ ಎಷ್ಟೋ ಸಲ ಮೆತ್ತಗಿರುತ್ತದೆ. 55ಕ್ಕೇ ಅಂಗಡಿಯ ಗಲ್ಲೆಯ ಮುಂದೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂಡುವವರದು ಗಟ್ಟಿಯಾಗಿರುತ್ತದೆ. ಬೆರಳು ಒಮ್ಮೊಮ್ಮೆ ಮೋಸ ಮಾಡುತ್ತದೆ, ಒಪ್ಪುತ್ತೇನೆ. ಇಂದು ನಾಳದ ಗಡಸುತನವನ್ನು ಅಳೆಯುವ ಯಂತ್ರಗಳೇ ಇವೆ. ಅವು ಹೇಳುವುದೂ ಇದನ್ನೇ: ಗಟ್ಟಿಯಾಗುವುದರಲ್ಲಿ ಒಂದು ಪಾಲು ವಯಸ್ಸಿನದು, ಇನ್ನೊಂದು ಪಾಲು ಕೂತದ್ದರದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಬಹಳಷ್ಟು ಇದೆ.

ನಮ್ಮ ಮನೆಗಳಲ್ಲಿ ಹಿರಿಯರನ್ನು ಕೂರಿಸುವುದು ಪ್ರೀತಿಯೇ. ಮಗ ದುಡಿಯಲು ನಿಂತ, ಹಜ್ಜ್ ಮುಗಿಯಿತು, ಮನೆಗೆ ಸೊಸೆ ಬಂದಳು. ಅಲ್ಲಿಂದ ಎಲ್ಲರದೂ ಒಂದೇ ಮಾತು: “ಸಾಕಷ್ಟು ದುಡಿದೀರಿ ಅಬ್ಬಾ, ಇನ್ನ ಆರಾಮ ಕೂಡ್ರಿ.” ಹಾಲು ತರಲು ಮೊಮ್ಮಗ ಓಡುತ್ತಾನೆ. ನಾಲ್ಕು ಮನೆ ಆಚೆಯ ಮಸೀದಿಗೆ ಮಗ ಬೈಕಿನ ಮೇಲೆ ಬಿಟ್ಟು ಬರುತ್ತಾನೆ. ಹೊಲ ಲಾವಣಿಗೆ ಹೋಯಿತು. ಹೀಗೆ ಒಂದೆರಡು ವರ್ಷದಲ್ಲಿ, ಜೀವನವಿಡೀ ನಡೆದ ಕಾಲು ಕಟ್ಟೆಯಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಮಾತ್ರ ಓಡಾಡತೊಡಗುತ್ತದೆ. ಆಮೇಲೆ ಒಂದು ದಿನ ಬಿ.ಪಿ. ನೋಡಿದರೆ 170/70. “ವಯಸ್ಸಾಯಿತಲ್ಲ ಡಾಕ್ಟರ್ ಸಾಬ, ಇಷ್ಟು ಇರಬೇಕಲ್ಲ?” ಎಂದು ಮಗನೇ ಸಮಾಧಾನ ಹೇಳುತ್ತಾನೆ.

ಇರಬಾರದು. ವಯಸ್ಸಿಗೆ ನೂರು ಕೂಡಿಸಿದರೆ ಬಂದದ್ದೇ ಸರಿಯಾದ ಬಿ.ಪಿ. ಎಂಬ ಹಳೆಯ ಲೆಕ್ಕ ಇನ್ನೂ ನಮ್ಮ ಊರುಗಳಲ್ಲಿ ಓಡಾಡುತ್ತಿದೆ. ಅದನ್ನು ಮರೆತುಬಿಡಿ. ಮೇಲಿನ ಅಂಕಿ ಏರಿ ಕೆಳಗಿನದು ಹಾಗೇ ಉಳಿದರೆ, ಇಲ್ಲವೇ ಇಳಿದರೆ, ಅದು ದೊಡ್ಡ ರಕ್ತನಾಳ ಗಡುಸಾಗಿರುವುದರ ಗುರುತು.

ಗೋಡೆಯಲ್ಲಿ ಏನಾಗುತ್ತದೆ

ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತವನ್ನು ಹೊರಗೆ ತಳ್ಳುತ್ತದೆ. ನಮ್ಮ ಹೋಟೆಲುಗಳ ಸಣ್ಣ ಚಹಾ ಕಪ್ಪಿನ ಅಳತೆ ಎನ್ನಿ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಒಂದು ಲಕ್ಷ ಸಲ. ಪ್ರತಿ ಸಲವೂ ಆ ರಕ್ತ ಮೊದಲು ನುಗ್ಗುವುದು ಮಹಾಧಮನಿಗೆ. ಆರೋಗ್ಯವಂತ ಮಹಾಧಮನಿ ಆಗ ಹಿಗ್ಗುತ್ತದೆ, ಬಂದ ರಕ್ತದ ಒಂದು ಪಾಲನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಬಡಿತಗಳ ನಡುವೆ ಹೃದಯ ವಿಶ್ರಮಿಸುವ ಹೊತ್ತಿನಲ್ಲಿ ಮೆಲ್ಲಗೆ ಕುಗ್ಗಿ, ಹಿಡಿದಿಟ್ಟದ್ದನ್ನು ಮುಂದಕ್ಕೆ ಕಳಿಸುತ್ತದೆ. ಹೀಗಾಗಿ ಹೃದಯ ಬಿಟ್ಟು ಬಿಟ್ಟು ತಳ್ಳಿದರೂ ಅಂಗಗಳಿಗೆ ರಕ್ತ ಬಿಡದೆ ಹರಿಯುತ್ತದೆ.

ವಿಜಯಪುರಕ್ಕೆ ಹೋದಾಗ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳನ್ನು ನೀವು ನೋಡಿರಬಹುದು. ಗಂಜ್ ಎನ್ನುತ್ತಾರೆ. ದೂರದಿಂದ ಮಣ್ಣಿನ ಕೊಳವೆಗಳಲ್ಲಿ ಬರುವ ನೀರಿನ ಒತ್ತಡ ನೇರವಾಗಿ ಊರೊಳಗಿನ ಕೊಳವೆಗಳ ಮೇಲೆ ಬಿದ್ದರೆ ಅವು ಒಡೆಯುತ್ತವೆ. ಹಾಗಾಗದಿರಲೆಂದು ನಡುನಡುವೆ ಗೋಪುರ ಕಟ್ಟಿ, ನೀರನ್ನು ಅದರೊಳಗೆ ಮೇಲೇರಿಸಿ, ಒತ್ತಡ ತಗ್ಗಿದ ಮೇಲೆ ಮುಂದೆ ಬಿಡುತ್ತಿದ್ದರು. ಮಹಾಧಮನಿ ನಮ್ಮ ಮೆದುಳು ಮತ್ತು ಮೂತ್ರಪಿಂಡಗಳಿಗೆ ಮಾಡುವ ಉಪಕಾರವೂ ಇಂಥದ್ದೇ. ಅವೆರಡರ ನಾಳಗಳು ಬಹಳ ನವಿರು. ಹೃದಯದ ಹೊಡೆತ ಅವುಗಳಿಗೆ ನೇರವಾಗಿ ತಾಗಬಾರದು.

ಮಹಾಧಮನಿಗೆ ಹಿಗ್ಗುವ ಗುಣ ಕೊಡುವುದು ಇಲಾಸ್ಟಿನ್ ಎಂಬ ನಾರು. ಅಲ್ಲಾಹನು ನಮಗೆ ಇದನ್ನು ಕೊಟ್ಟಿರುವ ರೀತಿಯೇ ವಿಶೇಷ. ಗರ್ಭದಲ್ಲಿರುವಾಗ ಮತ್ತು ಬಾಲ್ಯದಲ್ಲಿ ಅದು ಹೇರಳವಾಗಿ ತಯಾರಾಗುತ್ತದೆ. ದೊಡ್ಡವರಾದ ಮೇಲೆ ಹೊಸದು ಬಹುತೇಕ ಹುಟ್ಟುವುದಿಲ್ಲ. ದಿನಕ್ಕೆ ಲಕ್ಷ ಸಲ ಎಳೆದು ಬಿಟ್ಟ ನಾರು ಹತ್ತಾರು ವರ್ಷಗಳಲ್ಲಿ ಸವೆಯುತ್ತದೆ, ಅಲ್ಲಲ್ಲಿ ತುಂಡಾಗುತ್ತದೆ. ಆ ಜಾಗದಲ್ಲಿ ಕೊಲಾಜನ್ ಎಂಬ ಬಿರುಸಾದ ನಾರು ಹೆಚ್ಚುತ್ತದೆ, ಸುಣ್ಣದ ಅಂಶ ಕೂಡುತ್ತದೆ. ಶುಗರ್ ಇದ್ದವರಲ್ಲಿ ಸಕ್ಕರೆ ಈ ನಾರುಗಳಿಗೆ ಅಂಟಿ, ಒಂದನ್ನೊಂದು ಬೆಸೆದು, ಗಡುಸಾಗುವ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತದೆ. ಇಂಡಿಯ ನಿಂಬೆ ತೋಟಗಳಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಡ್ರಿಪ್ ಪೈಪನ್ನು ಬಾಗಿಸಲು ನೋಡಿ, ಗೊತ್ತಾಗುತ್ತದೆ.

ಗಡುಸಾದ ಮಹಾಧಮನಿ ಹಿಗ್ಗುವುದಿಲ್ಲ. ಹೃದಯ ತಳ್ಳಿದ ರಕ್ತವೆಲ್ಲ ಒಂದೇ ಏಟಿಗೆ ಮುಂದೆ ನುಗ್ಗುತ್ತದೆ, ಹಾಗಾಗಿ ಮೇಲಿನ ಅಂಕಿ ಏರುತ್ತದೆ. ಬಡಿತಗಳ ನಡುವೆ ಬಿಡಲು ಅದರಲ್ಲಿ ಉಳಿದದ್ದೇ ಕಡಿಮೆ, ಹಾಗಾಗಿ ಕೆಳಗಿನದು ಇಳಿಯುತ್ತದೆ. ಹೃದಯದ ಸ್ವಂತ ನಾಳಗಳಿಗೆ ರಕ್ತ ತುಂಬುವುದು ಹೆಚ್ಚಾಗಿ ಈ ವಿಶ್ರಾಂತಿಯ ಹೊತ್ತಿನಲ್ಲೇ. ಅಂದರೆ ಹೃದಯಕ್ಕೆ ಕೆಲಸ ಹೆಚ್ಚಾಗಿ ಊಟ ಕಡಿಮೆಯಾದಂತೆ. ಲಕ್ವ, ಮೂತ್ರಪಿಂಡದ ತೊಂದರೆ, ಹೃದಯ ಸೋಲುವುದು, ವಯಸ್ಸಾದವರ ಮರೆವು: ಇವೆಲ್ಲದರ ಹಿಂದೆ ಗಡುಸಾದ ನಾಳದ ಪಾತ್ರವಿದೆ.

ಇದು ಗೋಡೆಯ ಕಥೆ. ಗೋಡೆಗೆ ಒಳಗಡೆ ಒಂದು ಪೊರೆ ಇದೆ, ಒಂದೇ ಒಂದು ಜೀವಕೋಶದಷ್ಟು ತೆಳ್ಳಗಿನದು. ಬಹುಕಾಲ ಇದನ್ನು ಬರೀ ನುಣುಪಾದ ಗಿಲಾವು ಎಂದೇ ತಿಳಿದಿದ್ದರು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ, ಆ ಅನಿಲ ಗೋಡೆಯ ಸ್ನಾಯುಗಳಿಗೆ ‘ಸಡಿಲಾಗು’ ಎಂದು ಸೂಚನೆ ಕೊಡುತ್ತದೆ ಎಂಬುದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗೊತ್ತಾಯಿತು. ಇದನ್ನು ತಿಳಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ. ವಯಸ್ಸಾದಂತೆ ಒಳಪೊರೆಯಿಂದ ಈ ಅನಿಲ ಸಾಕಷ್ಟು ಸಿಗುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ವಯಸ್ಸಾಗುವ ಮೊದಲೇ ಸಿಗುವುದಿಲ್ಲ.

ನಡೆದಾಗ ಏನಾಗುತ್ತದೆ

ಬಿರುಸಾಗಿ ನಡೆಯುವಾಗ ಕಾಲಿನ ಸ್ನಾಯುಗಳು ರಕ್ತ ಕೇಳುತ್ತವೆ. ರಕ್ತದ ಹರಿವು ಕೂತಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ವೇಗವಾಗಿ ಹರಿಯುವ ರಕ್ತ ಒಳಪೊರೆಯನ್ನು ಉಜ್ಜಿಕೊಂಡು ಹೋಗುತ್ತದೆ. ಈ ಉಜ್ಜುವಿಕೆಯೇ ಪೊರೆಗೆ ಆಹಾರ. ಉಜ್ಜಿದಷ್ಟೂ ಅದು ನೈಟ್ರಿಕ್ ಆಕ್ಸೈಡ್ ತಯಾರಿಸುವ ತನ್ನ ಸಾಮಗ್ರಿಯನ್ನು ಹೆಚ್ಚಿಸಿಕೊಳ್ಳುತ್ತದೆ. ವಾರಗಟ್ಟಲೆ ಹೀಗೆ ನಡೆದರೆ, ನಡೆಯದೆ ಕೂತಿರುವಾಗಲೂ ನಾಳ ಸಡಿಲವಾಗಿರುವುದನ್ನು ಕಲಿಯುತ್ತದೆ.

ಇದನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಅಳೆದು ನೋಡಿ 2000ನೇ ಇಸವಿಯಲ್ಲಿ ಪ್ರಕಟಿಸಿದರು. ವ್ಯಾಯಾಮವೇ ಗೊತ್ತಿಲ್ಲದ ಮಧ್ಯವಯಸ್ಸಿನ ಹಾಗೂ ಹಿರಿಯ ಗಂಡಸರಿಗೆ ಸುಮಾರು ಮೂರು ತಿಂಗಳು ಮುಖ್ಯವಾಗಿ ನಡಿಗೆಯನ್ನೇ ಹೇಳಿದರು. ಒಂದು ಅಧ್ಯಯನದಲ್ಲಿ ನಾಳ ಸಡಿಲಾಗುವ ಶಕ್ತಿ ಶೇ. 30ರಷ್ಟು ಹೆಚ್ಚಿ ತರುಣರ ಮಟ್ಟಕ್ಕೆ ಹತ್ತಿರ ಬಂತು. ಇನ್ನೊಂದರಲ್ಲಿ ಕುತ್ತಿಗೆಯ ದೊಡ್ಡ ಧಮನಿ, ವರ್ಷಗಟ್ಟಲೆ ಓಡಿದ ಅದೇ ವಯಸ್ಸಿನವರ ಧಮನಿಯಷ್ಟು ಮೆತ್ತಗಾಯಿತು. ಆ ಗಂಡಸರ ತೂಕ ಇಳಿದಿರಲಿಲ್ಲ, ಆದರೂ ನಾಳ ಸುಧಾರಿಸಿತ್ತು. “ಎರಡು ತಿಂಗಳು ನಡೆದೆ, ಒಂದು ಕಿಲೋ ಇಳಿಯಲಿಲ್ಲ” ಎಂದು ಬೇಸತ್ತು ಬಿಟ್ಟುಬಿಡುವವರು ಇದನ್ನು ತಿಳಿದಿರಬೇಕು.

2020ರಲ್ಲಿ ಪ್ರಕಟವಾದ ಲಂಡನ್ನಿನ ಇನ್ನೊಂದು ಅಧ್ಯಯನದಲ್ಲಿ ಮೊದಲ ಸಲ ಮ್ಯಾರಥಾನ್ ಓಡಲು ಹೊರಟ 138 ಜನರನ್ನು ಪರೀಕ್ಷಿಸಿದರು. ಆರು ತಿಂಗಳ ತಯಾರಿಯ ನಂತರ ಅವರ ಮಹಾಧಮನಿ ಸುಮಾರು ನಾಲ್ಕು ವರ್ಷ ಕಿರಿದಾದಂತೆ ಮೆತ್ತಗಾಗಿತ್ತು. ಹೆಚ್ಚು ಲಾಭವಾದದ್ದು ಯಾರಿಗೆ ಗೊತ್ತೇ? ಅವರಲ್ಲಿ ವಯಸ್ಸಾದವರಿಗೆ ಮತ್ತು ನಿಧಾನ ಓಡಿದವರಿಗೆ. ನಾವು ಮ್ಯಾರಥಾನ್ ಓಡಬೇಕಿಲ್ಲ, ಆದರೆ ತಡವಾಯಿತು ಎಂದು ಕೂರುವುದೂ ಬೇಡ.

ಸವೆದ ಇಲಾಸ್ಟಿನ್ ನಡಿಗೆಯಿಂದ ಮರಳಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಮರಳುವುದು ಗೋಡೆಯ ಸ್ನಾಯುಗಳ ಸಡಿಲತೆ ಮತ್ತು ಒಳಪೊರೆಯ ಶಕ್ತಿ. ಅದೂ ನಡೆಯುತ್ತಿರುವವರೆಗೆ ಮಾತ್ರ. “ಹರೆಯದಲ್ಲಿ ನಾನು ಗಳೆ ಹೊಡೆದವನು, ಕುಸ್ತಿ ಆಡಿದವನು” ಎಂಬ ಹಿರಿಯರ ಮಾತಿನಲ್ಲಿ ಹೆಮ್ಮೆ ಇದೆ, ಇರಲಿ. ಆದರೆ ಮೂವತ್ತು ವರ್ಷದ ಹಿಂದಿನ ಕುಸ್ತಿ ಇಂದಿನ ನಾಳಕ್ಕೆ ಬರುವುದಿಲ್ಲ. ಬಿಟ್ಟ ಕೆಲವೇ ವಾರಗಳಲ್ಲಿ ಗಳಿಸಿದ್ದು ಕರಗತೊಡಗುತ್ತದೆ.

ಉಸಿರು ಹೇಳುವ ಅಳತೆ

ಇಷ್ಟು ಓದಿ ‘ನಾನು ದಿನಾ ನಡೆಯುತ್ತೇನಲ್ಲ’ ಎನ್ನುವವರಿದ್ದೀರಿ. ಬಜಾರಿನಲ್ಲಿ ನಾಲ್ಕು ಅಂಗಡಿಗೆ ಸಲಾಂ ಹೇಳುತ್ತ, ನಿಂತು ಮಾತಾಡುತ್ತ ಒಂದು ಸುತ್ತು ಹಾಕುವುದು ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ನಾಳಕ್ಕೆ ಬೇಕಾದ ಉಜ್ಜುವಿಕೆ ಅದರಲ್ಲಿ ಸಾಲದು. ಇಂದು ಏರೋಬಿಕ್ ಎಂದು ಕರೆಯುವ ವ್ಯಾಯಾಮದ ಲಕ್ಷಣವನ್ನು ಇಬ್ನ್ ಸೀನಾ (980–1037) ‘ಅಲ್ ಕಾನೂನ್’ನಲ್ಲಿ ಆಗಲೇ ಗುರುತಿಸಿದ್ದರು. ಉಸಿರನ್ನು ಆಳವೂ ವೇಗವೂ ಆಗುವಂತೆ ಮಾಡುವ, ನಾವಾಗಿಯೇ ಮಾಡುವ ಚಲನೆಯೇ ಅವರ ಲೆಕ್ಕದಲ್ಲಿ ‘ರಿಯಾಜತ್’. ಉಸಿರು ಬದಲಾಗದಿದ್ದರೆ ಅದು ಚಲನೆ ಮಾತ್ರ. ಮುಪ್ಪಿನ ಪ್ರಕೃತಿ ತಂಪು ಮತ್ತು ಒಣ, ಅದಕ್ಕೆ ಹದವಾದ ವ್ಯಾಯಾಮ ಬೇಕು ಎಂಬುದು ನಮ್ಮ ವೈದ್ಯ ಪದ್ಧತಿಯ ಹಳೆಯ ತಿಳಿವಳಿಕೆ.

ಅಳತೆ ಸುಲಭ. ನಡೆಯುವಾಗ ಜೊತೆಗಿದ್ದವರೊಡನೆ ಮಾತಾಡಲು ಆಗಬೇಕು, ಆದರೆ ರಾಗವಾಗಿ ನಅತ್ ಹಾಡಲು ಆಗಬಾರದು. ಹೆಜ್ಜೆ ಎಣಿಸುವುದಾದರೆ ನಿಮಿಷಕ್ಕೆ ಸುಮಾರು 100. ಹೀಗೆ ವಾರಕ್ಕೆ 150ರಿಂದ 300 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಐದು ದಿನ, ಅರ್ಧ ಗಂಟೆಯಂತೆ. ಬಹಳ ದಿನ ಕೂತವರು ಹತ್ತು ನಿಮಿಷದಿಂದ ಶುರು ಮಾಡಿ, ಪ್ರತಿ ವಾರ ಐದು ನಿಮಿಷ ಕೂಡಿಸುತ್ತ ಹೋಗಲಿ. ಮೊಣಕಾಲು ನೋಯುವವರಿಗೆ ಸೈಕಲ್ ಒಳ್ಳೆಯದು. ಮನೆಯ ಹಿಂದೆ ತುಕ್ಕು ಹಿಡಿದು ನಿಂತ ಅಬ್ಬಾನ ಸೈಕಲ್ಲಿಗೆ ಗಾಳಿ ಹೊಡೆಸಿ.

ಹೊಲದಲ್ಲಿ ದಿನವಿಡೀ ಕಳೆ ತೆಗೆಯುವ, ತೊಗರಿ ಕೊಯ್ಯುವ, ತಲೆಯ ಮೇಲೆ ಹೊರೆ ಹೊತ್ತು ಮೈಲುಗಟ್ಟಲೆ ನಡೆಯುವ ತಾಯಂದಿರಿಗೆ ಇನ್ನೂ ನಡೆಯಿರಿ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಅವರಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಬಿ.ಪಿ. ತಪಾಸಣೆ.

ನಮಾಝಿನ ಬಗ್ಗೆ ಒಂದು ಮಾತು. ಐದು ಹೊತ್ತಿನ ನಮಾಝೇ ಸಾಕಷ್ಟು ವ್ಯಾಯಾಮ ಎಂದು ಕೆಲವರು ಬರೆಯುತ್ತಾರೆ, ಮೊಬೈಲಿನಲ್ಲಿ ಹಂಚುತ್ತಾರೆ. ನಮಾಝ್ ಇಬಾದತ್. ಅದರಿಂದ ಕೀಲುಗಳು ಸಡಿಲಾಗುತ್ತವೆ, ಎದ್ದು ಕೂರುವ ರೂಢಿ ಉಳಿಯುತ್ತದೆ ಎಂಬುದು ನಿಜ. ಆದರೆ ಶಾಂತವಾಗಿ ನಮಾಝ್ ಮಾಡುವವರ ಉಸಿರು ಏರುವುದಿಲ್ಲ, ಏರಬಾರದು ಕೂಡ. ಇಬಾದತ್ತನ್ನು ವ್ಯಾಯಾಮದ ಲೆಕ್ಕಕ್ಕೆ ಇಳಿಸುವುದು ಎರಡಕ್ಕೂ ಅನ್ಯಾಯ. ಮಸೀದಿಗೆ ಹೋಗುವ ದಾರಿ ಮಾತ್ರ ಖಂಡಿತ ನಡಿಗೆಯೇ. ಆ ಬೈಕನ್ನು ಮನೆಯಲ್ಲೇ ಬಿಡಿ. ಫಜ್ರ್ ಮುಗಿಸಿ ಹೊರಬಂದವರು ನೇರ ಮನೆಗೆ ಬಂದು ಮಲಗದೆ ಊರಾಚೆಗೆ ಒಂದು ಸುತ್ತು ಹಾಕಿದರೆ ದಿನದ ಪಾಲು ಮುಗಿಯುತ್ತದೆ. ನಮ್ಮ ಜಿಲ್ಲೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ರಮಝಾನಿನಲ್ಲಿ ಉಪವಾಸವಿರುವಾಗ ಬೇಡ, ಇಫ್ತಾರಿನ ಒಂದೆರಡು ಗಂಟೆಯ ನಂತರ ನಡೆಯಿರಿ.

ಹೆಣ್ಣುಮಕ್ಕಳ ವಿಷಯ ಇನ್ನೂ ಕಷ್ಟದ್ದು. ಬೆಳಗಿನ ಹೊತ್ತು ಹೊರಗೆ ನಡೆಯಲು ಹೊರಟರೆ ‘ಎಲ್ಲಿಗೆ?’ ಎಂಬ ಪ್ರಶ್ನೆ ಮನೆಯಲ್ಲೂ ಬರುತ್ತದೆ, ಓಣಿಯಲ್ಲೂ ಬರುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನಿನ ರಕ್ಷಣೆ ತಪ್ಪಿ ಅವರ ನಾಳಗಳು ಬೇಗ ಗಡುಸಾಗುತ್ತವೆ. ಆ ವಯಸ್ಸಿನಲ್ಲಿ ಒಳಪೊರೆಯ ಸುಧಾರಣೆ ಗಂಡಸರಲ್ಲಿ ಕಂಡಷ್ಟು ಸ್ಪಷ್ಟವಾಗಿ ಹೆಂಗಸರಲ್ಲಿ ಕಂಡುಬಂದಿಲ್ಲ. ಆದರೆ ನಡಿಗೆಯಿಂದ ಅವರ ಬಿ.ಪಿ. ಇಳಿಯುತ್ತದೆ, ಶುಗರ್ ಹತೋಟಿಗೆ ಬರುತ್ತದೆ, ಮತ್ತು ಮುಟ್ಟು ನಿಲ್ಲುವ ಮೊದಲೇ, ನಲವತ್ತರ ಆಸುಪಾಸಿನಲ್ಲೇ, ಶುರು ಮಾಡಬೇಕೆಂಬುದಕ್ಕೆ ಇದೇ ಕಾರಣ. ಮನೆಯ ಮಾಳಿಗೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದರೂ ನಾಳಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲ್ಕು ಮನೆಯ ಹೆಂಗಸರು ಕೂಡಿ ಹೊರಟರೆ ಶಾಲೆಯ ಮೈದಾನವೂ ಆದೀತು. ಗಂಡಸರು ಮಾಡಬೇಕಾದದ್ದು ಇಷ್ಟೇ: ಆ ಅರ್ಧ ಗಂಟೆ ಚಹಾ ಕೇಳದಿರುವುದು.

ಹೊರಡುವ ಮೊದಲು

ನಡಿಗೆ ಮಾತ್ರೆಯ ಬದಲಿಗೆ ಅಲ್ಲ. ಬಿ.ಪಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮೂರು ತಿಂಗಳು ನಡೆದ ಮೇಲೆ ಒತ್ತಡ ಇಳಿದರೆ ಪ್ರಮಾಣ ಕಡಿಮೆ ಮಾಡುವುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ. “ಹೃದಯಕ್ಕೆ ಒಳ್ಳೆಯ ಖಮೀರಾ ಕೊಡಿ, ನಡೆಯಲು ಆಗುವುದಿಲ್ಲ” ಎಂದು ನನ್ನಲ್ಲಿ ಬರುವವರಿದ್ದಾರೆ. ಖಮೀರಾ ನಾನೂ ಕೊಡುತ್ತೇನೆ. ಆದರೆ ಹರಿಯುವ ರಕ್ತ ಮಾಡುವ ಕೆಲಸವನ್ನು ಮಾಡುವ ಖಮೀರಾ ನನ್ನ ಬಳಿ ಇಲ್ಲ.

ಬಿ.ಪಿ. 180/110ಕ್ಕಿಂತ ಹೆಚ್ಚಿದ್ದರೆ ಮೊದಲು ವೈದ್ಯರನ್ನು ಕಾಣಿ, ಇಳಿದ ಮೇಲೆ ನಡೆಯಿರಿ. ಹೃದಯದ ಕಾಯಿಲೆ ಆಗಲೇ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ಎಷ್ಟು ನಡೆಯಬೇಕೆಂದು ಕೇಳಿಯೇ ಹೊರಡಲಿ. ಶುಗರಿಗೆ ಇನ್ಸುಲಿನ್ ಇಲ್ಲವೇ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ನಾಲ್ಕು ಸಕ್ಕರೆ ಪೆಪ್ಪರಮಿಂಟು ಇರಲಿ, ಮನೆಗೆ ಬಂದ ಮೇಲೆ ಪಾದ ನೋಡಿಕೊಳ್ಳಲಿ. ನಡೆಯುವಾಗ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂಡಿ, 108ಕ್ಕೆ ಫೋನ್ ಮಾಡಿಸಿ. ‘ಗ್ಯಾಸ್ ಇರಬೇಕು’ ಎಂದು ಮನೆಗೆ ನಡೆದು ಬರಬೇಡಿ. 30 ದಾಟಿದವರ ಬಿ.ಪಿ., ಶುಗರ್ ತಪಾಸಣೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತದೆ.

ಕೊನೆಗೆ ಹಜ್ಜ್, ಉಮ್ರಾಕ್ಕೆ ಹೊರಟವರಿಗೆ. ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಏಳು ಸಲವೆಂದರೆ ಸಯೀ ಒಂದೇ ಮೂರು ಕಿಲೋಮೀಟರಿಗೂ ಹೆಚ್ಚು, ತವಾಫ್ ಬೇರೆ, ಬಿಸಿಲು ಬೇರೆ. ಗಾಲಿಕುರ್ಚಿಯ ಅನುಮತಿ ಇದೆ, ಬೇಕಾದವರು ಸಂಕೋಚ ಪಡಬೇಕಿಲ್ಲ. ಆದರೆ ನಮ್ಮಲ್ಲಿ ಬಹಳ ಜನ ಜೀವಮಾನದ ದುಡಿಮೆ ಕೂಡಿಟ್ಟು ಅರವತ್ತರ ಮೇಲೆ ಹೊರಡುತ್ತಾರೆ. ಪಾಸ್‌ಪೋರ್ಟು, ಹಣ, ಇಹ್ರಾಮಿನ ಬಟ್ಟೆ ಎಲ್ಲ ತಿಂಗಳುಗಟ್ಟಲೆ ಮೊದಲೇ ಸಿದ್ಧವಾಗುತ್ತವೆ, ಕಾಲು ಮಾತ್ರ ಸಿದ್ಧವಾಗಿರುವುದಿಲ್ಲ. ಹೆಸರು ಬಂದ ದಿನವೇ ಹತ್ತು ನಿಮಿಷದಿಂದ ಶುರು ಮಾಡಿ. ಎರಡನೆಯ ತಿಂಗಳಿಗೆ ಅರ್ಧ ಗಂಟೆ, ನಾಲ್ಕನೆಯ ತಿಂಗಳಿಗೆ ಮುಕ್ಕಾಲು ಗಂಟೆ ನಿಲ್ಲದೆ ನಡೆಯುವಂತಾಗಲಿ. ಅಲ್ಲಿ ಹಾಕಿಕೊಳ್ಳುವ ಚಪ್ಪಲಿಯನ್ನೇ ಇಲ್ಲಿ ಹಾಕಿಕೊಂಡು ನಡೆಯಿರಿ, ಹೊಸ ಚಪ್ಪಲಿ ಕಚ್ಚುವುದಾದರೆ ಇಲ್ಲೇ ಕಚ್ಚಿ ಮುಗಿಯಲಿ.